ಜಾತ್ರೆ ವಾರದ ಲೆಕ್ಕ

ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ಹಾಸ್ಟೆಲಿನಲ್ಲಿ ಹೊಸ ಪದ್ಧತಿ ಬಂತು. ಸಂಜೆ ಏಳರಿಂದ ಒಂಬತ್ತು, ಫೋನೆಲ್ಲ ಒಂದು ಡಬ್ಬಿಗೆ, ಹುಡುಗರು ಹಾಲ್‌ನಲ್ಲಿ ಓದಿಗೆ. ಓದು ಜಾಸ್ತಿ ಆಯಿತಾ? ವಾರ್ಡನ್ "ಆಗೇ ಆಗಿದೆ" ಅಂದರು. ನನಗೆ ಲೆಕ್ಕ ಬೇಕಿತ್ತು.

25 ಹುಡುಗರಿಗೆ ನೋಟ್‌ಬುಕ್ ಕೊಟ್ಟೆ. ಆ ದಿನ ಎಷ್ಟು ನಿಮಿಷ ಓದಿದಿರಿ ಅಂತ ಮಲಗುವ ಮುಂಚೆ ಬರೆಯಬೇಕು. ಡಬ್ಬಿ ಬರುವ ಮುಂಚೆ ಒಂದು ವಾರ, ಬಂದು ತಿಂಗಳಾದ ಮೇಲೆ ಇನ್ನೊಂದು ವಾರ. ಇದಕ್ಕೆ ಮಾರ್ಕ್ಸ್ ಇಲ್ಲ, ಸುಮ್ನೆ ಸುಳ್ಳು ಬರೆಯಬೇಡಿ ಅಂದೆ. ಆದರೂ ಒಬ್ಬ ದಿನಾ ಸರಿಯಾಗಿ 180 ನಿಮಿಷ ಓದಿದ್ದ!

ದಿನದ ಸರಾಸರಿ 22 ನಿಮಿಷ ಏರಿತ್ತು. "ಏನೂ ಬದಲಾಗಿಲ್ಲ" ಅನ್ನುವುದು ನನ್ನ ನಲ್ ಹೈಪಾಥಿಸಿಸ್, ಅಂದರೆ ಪರೀಕ್ಷೆಗೆ ಒಡ್ಡುವ ಊಹೆ. ಎರಡು ವಾರಗಳನ್ನು ಎರಡು ಬೇರೆ ಗುಂಪುಗಳಂತೆ ಹೋಲಿಸಿದೆ. ಆಕಸ್ಮಿಕ ಏರುಪೇರಿನ ಎಷ್ಟು ಪಟ್ಟು ಬದಲಾವಣೆ ಆಗಿದೆ ಅಂತ ಹೇಳುವ ಸಂಖ್ಯೆ ಟಿ. ಅದು ಬರೀ 1.3 ಬಂತು, ಸಾಲದು. ತಪ್ಪು ನನ್ನದೇ. ಒಬ್ಬ ಅರ್ಧ ಗಂಟೆ ಓದುವವನು, ಇನ್ನೊಬ್ಬ ನಾಲ್ಕು ಗಂಟೆ. ಅಷ್ಟು ದೊಡ್ಡ ಅಂತರದೊಳಗೆ 22 ನಿಮಿಷ ಎಲ್ಲಿ ಕಾಣಬೇಕು? ಎರಡೂ ಸಲ ಬರೆದವರು ಅದೇ ಹುಡುಗರು ಅಲ್ವಾ. ಹಾಗಾಗಿ ಒಬ್ಬೊಬ್ಬನ ಏರಿಳಿತವನ್ನಷ್ಟೇ ತೆಗೆದುಕೊಂಡು ಪೇರ್ಡ್ ಟಿ-ಟೆಸ್ಟ್ ಮಾಡಿದೆ. ಆ ಏರಿಳಿತಗಳ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯಿಂದ ಅವು ಎಷ್ಟು ಚದುರಿವೆ ಅನ್ನುವ ಅಳತೆ, 40. ಅದನ್ನು 25ರ ವರ್ಗಮೂಲ 5ರಿಂದ ಭಾಗಿಸಿದರೆ 8, ಸರಾಸರಿಯ ಆಕಸ್ಮಿಕ ಏರುಪೇರು ಇಷ್ಟು. 22ನ್ನು 8ರಿಂದ ಭಾಗಿಸಿದರೆ ಟಿ 2.75. ಡಿಗ್ರೀಸ್ ಆಫ್ ಫ್ರೀಡಂ (ಇಲ್ಲಿ ಹುಡುಗರ ಸಂಖ್ಯೆಗಿಂತ ಒಂದು ಕಡಿಮೆ) 24 ಇದ್ದಾಗ ಶೇ 5ರ ಮಟ್ಟದಲ್ಲಿ, ಅಂದರೆ ಏನೂ ಬದಲಾಗದಿದ್ದರೆ ನೂರರಲ್ಲಿ ಐದು ಸಲವಷ್ಟೇ ದಾಟುವಂತೆ, ದಾಟಬೇಕಾದ ಗೆರೆ 2.064. ದಾಟಿಬಿಟ್ಟಿತ್ತು.

ಖುಷಿಯಲ್ಲಿ ಇದನ್ನೆಲ್ಲ ಬೋರ್ಡ್ ಮೇಲೆ ಬರೆದೆ. ಈ ಟೆಸ್ಟಿನ ಮೂಲ ಗಾಸೆಟ್, ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದವನು, 1908ರಲ್ಲಿ 'ಸ್ಟೂಡೆಂಟ್' ಅನ್ನುವ ಹೆಸರಲ್ಲಿ ಇದನ್ನು ಪ್ರಕಟಿಸಿದ ಅಂತಲೂ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಸರ್, ಮೊದಲನೇ ವಾರ ಶರಣಬಸಪ್ಪನ ಜಾತ್ರಿ ಇತ್ತಲ್ರಿ. ಅವಾಗ ಯಾರ್ ಓದ್ತಾರ್ರಿ?"

ನಿಜ. ಹೋಳಿ ಆದ ಐದನೇ ದಿನ ತೇರು. ಇಡೀ ಹಾಸ್ಟೆಲ್ ಜಾತ್ರೆಯಲ್ಲಿತ್ತು. ಆ ವಾರದ ಜೊತೆ ಹೋಲಿಸಿದರೆ ಯಾವ ವಾರವೂ ಓದಿನ ವಾರವೇ! ಬದಲಾವಣೆ ಬರೀ ಆಕಸ್ಮಿಕ ಅನ್ನಲಾಗದು ಎಂದಷ್ಟೇ ಟೆಸ್ಟ್ ಹೇಳಿತ್ತು. ಡಬ್ಬಿಯಿಂದ ಆಯಿತು ಅಂತ ಸೇರಿಸಿಕೊಂಡವನು ನಾನು.

ಮುಂದಿನ ವರ್ಷ ಹೊಸಬರು ಬಂದಾಗ ಮತ್ತೆ ಮಾಡಿದೆ. ಜಾತ್ರೆ ಇಲ್ಲ, ಹಬ್ಬ ಇಲ್ಲ, ಇಂಟರ್ನಲ್ಸ್ ಇಲ್ಲ, ಅಂಥ ಎರಡು ವಾರ, ಅವರಿಗೆ ಡಬ್ಬಿ ಶುರುವಾಗುವ ಮುಂಚೆ ಒಂದು, ಆಮೇಲೆ ಒಂದು. ಈ ಸಲವೂ 25 ಜನ. ಏರಿಕೆ 7 ನಿಮಿಷ, ಸ್ಟ್ಯಾಂಡರ್ಡ್ ಡೀವಿಯೇಷನ್ 35, ಟಿ ಬರೀ 1.

"ಹಾಗಾದ್ರೆ ಡಬ್ಬಿ ತೆಗೆಯೋದಾ?" ವಾರ್ಡನ್ ಕೇಳಿದರು. ಹಾಗಲ್ಲ ಅಂದೆ. ಶೇ 95ರ ವಿಶ್ವಾಸದ ಲೆಕ್ಕದಲ್ಲಿ ನಿಜವಾದ ಬದಲಾವಣೆ 7 ನಿಮಿಷ ಇಳಿಕೆಯಿಂದ 21 ನಿಮಿಷ ಏರಿಕೆಯವರೆಗೆ ಏನಾದರೂ ಇರಬಹುದು. 7 ನಿಮಿಷದಂಥ ಸಣ್ಣ ಏರಿಕೆಯನ್ನು ಹತ್ತರಲ್ಲಿ ಎಂಟು ಸಲವಾದರೂ ಹಿಡಿಯಬೇಕಾದರೆ ಸುಮಾರು 200 ಹುಡುಗರು ಬೇಕು. ನಮ್ಮ ಹಾಸ್ಟೆಲಿನಲ್ಲಿ ಇರುವುದು 60.