ಕಹಿಯೆಂದು ಹೇಳಿದ ಹಾಲು

ಮಗ ಹುಟ್ಟಿದ ಮರುದಿನ ಮಗಳನ್ನು ಆಸ್ಪತ್ರೆಗೆ ಕರೆತಂದರು. ಎರಡು ವರ್ಷ ಎಂಟು ತಿಂಗಳ ಹುಡುಗಿ. ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. ನಾನು ಕೂಸಿಗೆ ಹಾಲು ಕುಡಿಸುತ್ತಿದ್ದೆ. ಮಂಚದ ಅಂಚು ಹಿಡಿದು ಬಹಳ ಹೊತ್ತು ನೋಡಿದವಳು, "ಅವ್ವಾ, ತಮ್ಮನಿಗೆ ಕಹಿ ಆಗುವುದಿಲ್ಲವೇ?" ಎಂದು ಕೇಳಿದಳು.

ನಾನು ಮುಖ ತಿರುಗಿಸಿಕೊಂಡೆ. ಕಹಿ ಎಂದು ಅವಳಿಗೆ ಹೇಳಿಕೊಟ್ಟಿದ್ದವಳು ನಾನೇ.

ಆರು ತಿಂಗಳ ಹಿಂದಿನ ಮಾತು. ನನಗೆ ಮೂರು ತಿಂಗಳು ತುಂಬಿತ್ತು. ಮಗಳು ರಾತ್ರಿ ಮಲಗುವಾಗ ಮತ್ತು ನಸುಕಿನಲ್ಲಿ ಮಾತ್ರ ಹಾಲು ಕುಡಿಯುತ್ತಿದ್ದಳು. ಬಸುರಿಯ ಹಾಲು ಕುಡಿದರೆ ದೊಡ್ಡ ಕೂಸು ಸೊರಗುತ್ತದೆ, ಹೊಟ್ಟೆಯಲ್ಲಿರುವುದಕ್ಕೂ ಒಳ್ಳೆಯದಲ್ಲ ಎಂದು ಮನೆಗೆ ಬಂದವರೆಲ್ಲ ಹೇಳುತ್ತಿದ್ದರು. ಬಸಿರು ಆರೋಗ್ಯವಾಗಿದ್ದರೆ ಹಾಲು ಕುಡಿಸುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾದವರು, ರಕ್ತಸ್ರಾವ ಕಂಡವರು ವೈದ್ಯರನ್ನು ಕೇಳಿ ಮುಂದುವರಿಯಬೇಕು. ಇದು ನನಗೆ ಆಮೇಲೆ ತಿಳಿಯಿತು. ಬಸಿರಿನಲ್ಲಿ ಹಾಲು ತಾನಾಗಿಯೇ ಕಡಿಮೆಯಾಗುತ್ತದೆ, ರುಚಿಯೂ ಬದಲಾಗುತ್ತದೆ. ಎಷ್ಟೋ ಮಕ್ಕಳು ಆಗ ತಾವೇ ಬಿಟ್ಟುಬಿಡುತ್ತವೆ. ಇನ್ನೆರಡು ತಿಂಗಳು ಕಾದಿದ್ದರೆ ನನ್ನ ಮಗಳೂ ಬಿಡುತ್ತಿದ್ದಳೋ ಏನೋ. ನಾನು ಕಾಯಲಿಲ್ಲ. ಅತ್ತೆಯವರು ಅಂಗಳದ ಬೇವಿನ ಎಲೆ ಕಿತ್ತುಕೊಟ್ಟರು, ನಾನೇ ಅರೆದು ಹಚ್ಚಿಕೊಂಡೆ.

ಮೊದಲ ರಾತ್ರಿ ಅವಳು ಬಾಯಿ ಹಾಕಿ, ತೆಗೆದು, ನಾಲಗೆಯನ್ನು ಅಂಗೈಯಿಂದ ಒರೆಸಿಕೊಂಡಳು. ಮೂರು ದಿನ ಅತ್ತಳು. ನಾಲ್ಕನೆಯ ದಿನ ಅಳಲಿಲ್ಲ. ನನ್ನ ಎದೆಯನ್ನು ಮೆಲ್ಲಗೆ ತಟ್ಟಿ, "ಅಮ್ಮಿಗೆ ಕಹಿ ಆಯಿತು, ಪಾಪ" ಎಂದಳು. ನನಗೇ ಏನೋ ರೋಗ ಬಂದಂತೆ ಮರುಗುತ್ತಿದ್ದಳು. ಹಾಲು ಬಿಡಿಸಿದ್ದಾಯಿತು ಎಂದು ಎಲ್ಲರಿಗೂ ಸಮಾಧಾನವಾಯಿತು, ನನಗೂ.

ಬಾಣಂತಿತನಕ್ಕೆ ತವರಿಗೆ ಹೋದೆ. ಸೇಡಂ ತಾಲ್ಲೂಕಿನ ಹಳ್ಳಿ, ಏಪ್ರಿಲ್ ತಿಂಗಳು. ನಮ್ಮ ಕಲಬುರಗಿ ಜಿಲ್ಲೆಯ ಬೇಸಿಗೆ ಎಂದರೆ ಹೇಳಬೇಕಾಗಿಲ್ಲ. ಮಧ್ಯಾಹ್ನದ ಹೊತ್ತು ಶಹಾಬಾದ್ ಫರಸಿಯ ನೆಲವೊಂದೇ ಸ್ವಲ್ಪ ತಂಪು. ಮಗಳು ಆ ನೆಲದ ಮೇಲೆ ಬೋರಲಾಗಿ ಮಲಗಿ, ನಾನು ಕೂಸಿಗೆ ಹಾಲು ಕೊಡುವುದನ್ನೇ ನೋಡುತ್ತಿದ್ದಳು. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿದ್ದವಳು ಮತ್ತೆ ಶುರುಮಾಡಿದಳು. ತುಪ್ಪ ಸವರಿ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಉಗುಳುತ್ತಿದ್ದಳು. "ತಮ್ಮ ಬಂದದ್ದಕ್ಕೆ ಹೊಟ್ಟೆಕಿಚ್ಚು" ಎಂದಳು ನನ್ನ ಅವ್ವ.

ಆರನೆಯ ದಿನವಿರಬೇಕು. ಕೂಸು ಹಾಲು ಕುಡಿದು ಕಣ್ಣು ಮುಚ್ಚಿತ್ತು, ತುಟಿಯ ಮೂಲೆಯಲ್ಲಿ ಒಂದು ಹನಿ ನಿಂತಿತ್ತು. ಮಗಳು ಸದ್ದಿಲ್ಲದೆ ಬಂದು, ತೋರುಬೆರಳಿನಿಂದ ಆ ಹನಿಯನ್ನು ಮುಟ್ಟಿ ತನ್ನ ನಾಲಗೆಗೆ ಇಟ್ಟುಕೊಂಡಳು. ಕಣ್ಣು ಕಿರಿದು ಮಾಡಿ ಕಹಿಗಾಗಿ ಕಾದಳು. ಕಹಿ ಬರಲಿಲ್ಲ. ಮತ್ತೆ ಮುಟ್ಟಲು ಹೋದಾಗ ನಾನು ನೋಡುತ್ತಿದ್ದೇನೆಂದು ತಿಳಿದು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಅದು ಹೊಟ್ಟೆಕಿಚ್ಚಲ್ಲ. ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ಮಗಳು ಪರೀಕ್ಷೆ ಮಾಡುತ್ತಿದ್ದಳು.

ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದೆ: "ಹಾಲು ಕಹಿ ಆಗಿರಲಿಲ್ಲ. ನಾನೇ ಬೇವಿನೆಲೆ ಅರೆದು ಹಚ್ಚಿಕೊಂಡಿದ್ದೆ. ನಿನಗೆ ಹಾಗೆ ಹೇಳಬಾರದಾಗಿತ್ತು." ಎಷ್ಟು ಅರ್ಥವಾಯಿತೋ. "ಬೇವು ತೊಳೆದೆಯಾ?" ಎಂದು ಕೇಳಿದಳು. ತೊಳೆದೆ ಎಂದೆ. "ಹಾಗಾದರೆ ನನಗೆ ಕೊಡು" ಎಂದಳು.

ಕೊಡಬಹುದೇ? ಅವ್ವನ ಲೆಕ್ಕದಲ್ಲಿ ಅದು ಕೂಸಿನ ಪಾಲು, ದೊಡ್ಡವಳು ಕುಡಿದರೆ ಸಣ್ಣದಕ್ಕೆ ಕಡಿಮೆಬೀಳುತ್ತದೆ. ಏಳನೆಯ ದಿನ ಆಶಾ ಕಾರ್ಯಕರ್ತೆ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಅವರು 3, 7, 14, 21, 28 ಮತ್ತು 42ನೆಯ ದಿನ ಬರುತ್ತಾರೆ. ಕೂಸನ್ನು ತೂಗಿ, ಅವ್ವನ ಮಾತನ್ನೂ ಕೇಳಿಸಿಕೊಂಡು, "ಅಮ್ಮಾ, ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಲ್ಲ, ಕಾಗಿಣಾ ನದಿಯ ಒರತೆ" ಎಂದರು. ಅವ್ವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಬೇಸಿಗೆಯಲ್ಲಿ ನದಿಯ ಉಸುಕು ತೋಡಿ ನೀರು ಮೊಗೆದವಳು ಅವಳು. ಮೊಗೆದಷ್ಟೂ ಒಸರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹಾಲೂ ಹಾಗೆಯೇ. ಎದೆ ಎಷ್ಟು ಖಾಲಿಯಾಗುತ್ತದೆಯೋ ಅದರ ಮೇಲೆ ಮುಂದಿನ ಹಾಲು ನಿಂತಿದೆ.

ಆದರೆ ಅವರು ಒಂದು ಮಾತನ್ನು ಒತ್ತಿ ಹೇಳಿದರು: ಮೊದಲು ಕೂಸಿಗೆ, ಆಮೇಲೆ ಅವಳಿಗೆ. ಹೆರಿಗೆಯಾದ ಮೊದಲ ಕೆಲವು ದಿನ ಬರುವ ಗಿಣ್ಣು ಹಾಲಂತೂ ತೀರ ಸ್ವಲ್ಪವೇ ಇರುತ್ತದೆ. ಆಗ ಈ ಕ್ರಮ ತಪ್ಪಲೇಬಾರದು. ನಾನು ಶುರುಮಾಡುವ ಹೊತ್ತಿಗೆ ಹಾಲು ಇಳಿದು ಎದೆ ಬಿಗಿಯುತ್ತಿತ್ತು, ಆದರೂ ಕ್ರಮವನ್ನು ಕೊನೆಯವರೆಗೆ ಇಟ್ಟುಕೊಂಡೆ.

ಆ ಸಂಜೆ ಅವಳನ್ನು ಕರೆದೆ. ಓಡಿಬಂದು ಬಾಯಿ ಹಾಕಿದಳು, ಹಾಗೆಯೇ ನಿಂತುಬಿಟ್ಟಳು. ಚೀಪುವುದೇ ಮರೆತುಹೋಗಿತ್ತು! ಆರು ತಿಂಗಳಲ್ಲಿ ಬಾಯಿ ಆ ಕೆಲಸವನ್ನೇ ಮರೆತಿತ್ತು. ತುಟಿ ಚೂಪು ಮಾಡಿ ಎಳನೀರಿನ ಕೊಳವೆಯಂತೆ ಎಳೆದಳು, ಹಲ್ಲು ತಾಗಿ ನನಗೆ ಕಣ್ಣಲ್ಲಿ ನೀರು ಬಂತು. ಒಂದು ಸ್ಟೀಲ್ ಬಟ್ಟಲಿಗೆ ಸ್ವಲ್ಪ ಹಿಂಡಿಕೊಟ್ಟೆ. ಕುಡಿದು, "ಬಿಸಿ ಇದೆ. ಕಹಿ ಇಲ್ಲ" ಎಂದು ಅಡುಗೆಮನೆಗೆ ಹೋಗಿ ಆಯಿಗೂ ಹೇಳಿಬಂದಳು. ಹಲವು ಮಕ್ಕಳಿಗೆ ಇಷ್ಟೇ ಸಾಕಾಗುತ್ತದಂತೆ. ನನ್ನ ಮಗಳಿಗೆ ಸಾಕಾಗಲಿಲ್ಲ. ಮೂರನೆಯ ದಿನಕ್ಕೆ ಚೀಪುವುದನ್ನು ಮತ್ತೆ ಕಲಿತಳು.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದು ಗೊತ್ತುಮಾಡಿದೆ. ಉಳಿದ ಹೊತ್ತು ಕೇಳಿದರೆ "ಸಂಜೆ" ಎನ್ನುತ್ತಿದ್ದೆ, ಸಂಜೆ ತಪ್ಪದೆ ಕರೆಯುತ್ತಿದ್ದೆ. ಎರಡನೆಯ ಬಾರಿ ಅವಳಿಗೆ ಸುಳ್ಳಾಡಲು ನಾನು ಸಿದ್ಧಳಿರಲಿಲ್ಲ. ಹಾಸಿಗೆ ಒದ್ದೆಯಾಗುವುದು ಎರಡು ವಾರದಲ್ಲಿ ನಿಂತಿತು, ರೊಟ್ಟಿಯೂ ಒಳಗೆ ಹೋಗತೊಡಗಿತು.

ಯಾರೂ ಮೊದಲೇ ಹೇಳದ ಒಂದು ಸಂಗತಿಯಿದೆ. ಕೂಸು ಕುಡಿಯುವಾಗ ಆಗದ ಸಿಡುಕು ದೊಡ್ಡವಳು ಕುಡಿಯುವಾಗ ಆಗುತ್ತಿತ್ತು. ಮೈಯೆಲ್ಲ ಜುಮ್ಮೆಂದು, ಅವಳನ್ನು ದೂಡಿಬಿಡಬೇಕು ಎನ್ನಿಸುವಷ್ಟು. ಹೆತ್ತ ಮಗಳ ಮೇಲೆ ಹೀಗೇಕೆ ಎಂದು ಬಚ್ಚಲಿನಲ್ಲಿ ಕೂತು ಅತ್ತಿದ್ದೇನೆ. ಇಬ್ಬರಿಗೆ ಹಾಲೂಡಿಸುವ ಅನೇಕ ತಾಯಂದಿರಿಗೆ ಹೀಗಾಗುತ್ತದೆ, ಅದು ಪ್ರೀತಿ ಬತ್ತಿದ ಗುರುತಲ್ಲ. ನಾನು ಎಣಿಸುವುದನ್ನು ಕಲಿತೆ. ನಾನು ಗಟ್ಟಿಯಾಗಿ ಇಪ್ಪತ್ತರವರೆಗೆ ಎಣಿಸುತ್ತಿದ್ದೆ, ಇಪ್ಪತ್ತಕ್ಕೆ ಅವಳೇ ಬಿಡುತ್ತಿದ್ದಳು. ಸೈರಣೆ ಇದ್ದ ದಿನ ನಿಧಾನವಾಗಿ ಎಣಿಸುತ್ತಿದ್ದೆ.

ಕೂಸಿಗೆ ಸಾಲುತ್ತಿದೆಯೇ ಎಂಬ ಭಯ ಮಾತ್ರ ಹೋಗುತ್ತಿರಲಿಲ್ಲ, ಹೋಗಲೂಬಾರದು. ದಿನಕ್ಕೆ ಆರಕ್ಕಿಂತ ಹೆಚ್ಚು ಬಾರಿ ಉಚ್ಚೆ ಹೊಯ್ಯುತ್ತದೆಯೇ ಎಂದು ಬಟ್ಟೆ ಎಣಿಸಿದೆ. ಹುಟ್ಟಿದಾಗ 2 ಕೆ.ಜಿ. 800 ಗ್ರಾಂ ಇದ್ದ ಮಗ ಏಳನೆಯ ದಿನ 2 ಕೆ.ಜಿ. 700ಕ್ಕೆ ಇಳಿದಿದ್ದ. ಮೊದಲ ವಾರ ಹೀಗೆ ಸ್ವಲ್ಪ ಇಳಿಯುವುದು ಸಹಜ. ಹದಿನಾಲ್ಕನೆಯ ದಿನ 2 ಕೆ.ಜಿ. 900, ನಲವತ್ತೆರಡನೆಯ ದಿನ 3 ಕೆ.ಜಿ. 800. ಆ ಕೊನೆಯ ಅಂಕಿಯನ್ನು ಬರೆದುಕೊಂಡಾಗ ಅವ್ವ ನನಗಾಗಿ ಮತ್ತೊಂದು ಅಂಟಿನುಂಡೆ ತಂದಿಟ್ಟಳು. ಊಟವಂತೂ ಅವಳದೇ ಕೈಯಲ್ಲಿತ್ತು: ಬಿಸಿ ಜೋಳದ ರೊಟ್ಟಿ, ಸಬ್ಬಸಿಗೆ ಪಲ್ಯ, ತೊಗರಿಬೇಳೆ, ಅಳವಿ ಪಾಯಸ. ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎಂಬ ಪದ್ಧತಿಯನ್ನು ಮಾತ್ರ ನಾನು ಒಪ್ಪಲಿಲ್ಲ, ಬಾಯಾರಿದಾಗಲೆಲ್ಲ ಕುಡಿದೆ. ಕೂಸಿಗೆ ಬಿಸಿಲಿನ ದಾಹವೆಂದು ಚಮಚದಲ್ಲಿ ನೀರು ಹಾಕಲು ಬಂದವರನ್ನೂ ತಡೆದೆ. ಇಂಥ ಬಿಸಿಲಿನಲ್ಲಿಯೂ ಆರು ತಿಂಗಳವರೆಗೆ ಕೂಸಿಗೆ ಎದೆಹಾಲಿನ ನೀರೇ ಸಾಕು.

ಮೂರು ತಿಂಗಳಿಗೆ ಕಲಬುರಗಿಗೆ ಮರಳಿದೆವು. ಅತ್ತೆಯವರಿಗೆ ಈ ವಿಷಯ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಮಗಳೇ ಹೊಸ್ತಿಲು ದಾಟುವ ಮೊದಲು ಹೇಳಿಬಿಟ್ಟಳು. ಅತ್ತೆಯವರು ಆ ದಿನ ಏನೂ ಅನ್ನಲಿಲ್ಲ. ರಾತ್ರಿ ನನ್ನ ಪಕ್ಕ ಕೂತು, "ನನ್ನ ನಾಲ್ಕು ಮಕ್ಕಳಿಗೂ ಬೇವು ಹಚ್ಚಿದ್ದೆನವ್ವಾ. ಒಬ್ಬರೂ ತಿರುಗಿ ಕೇಳಲಿಲ್ಲ" ಎಂದರು. ಕೇಳಲು ಅವರಿಗೆ ತಿಳಿಯಲಿಲ್ಲವೋ, ಧೈರ್ಯವಾಗಲಿಲ್ಲವೋ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ನಮ್ಮವರು ಸಂಜೆ ಮಗಳನ್ನು ಊರಿನ 'ಅಪ್ಪನ ಕೆರೆ'ಯ ಕಡೆ ಕರೆದುಕೊಂಡು ಹೋಗತೊಡಗಿದರು. ಬರುವಷ್ಟರಲ್ಲಿ ಸಂಜೆಯ ಸರದಿ ಅವಳಿಗೆ ನೆನಪಿರುತ್ತಿರಲಿಲ್ಲ. ಬೆಳಗಿನದು ಇನ್ನೂ ಎರಡು ತಿಂಗಳು ನಡೆಯಿತು, ಇಪ್ಪತ್ತರ ಎಣಿಕೆ ಹತ್ತಕ್ಕೆ, ಐದಕ್ಕೆ ಇಳಿಯಿತು. ಆಮೇಲೆ ಬರೀ ಕೆನ್ನೆ ಒತ್ತಿ ಎದ್ದುಹೋಗುತ್ತಿದ್ದಳು.

ಈಗ ಮಗನಿಗೆ ಎರಡು ತುಂಬಿದೆ. ರಾತ್ರಿಯ ಹಾಲು ಬಿಡಿಸುತ್ತಿದ್ದೇನೆ. ಮೊನ್ನೆ ಅವನು ಹಟಹಿಡಿದು ಅತ್ತಾಗ ಮಗಳು ತಾನೇ ಎದ್ದು ಲೋಟದಲ್ಲಿ ನೀರು ತಂದಳು. "ಹಾಲು ಇದೆ ತಮ್ಮಾ, ಕಹಿ ಏನೂ ಆಗಿಲ್ಲ. ಅವ್ವ ನಿದ್ದೆ ಮಾಡಬೇಕು, ಬೆಳಿಗ್ಗೆ ಕೊಡುತ್ತಾಳೆ" ಎಂದಳು. ಅವನು ಅರ್ಧ ಕುಡಿದು, ಅರ್ಧ ಹಾಸಿಗೆಯ ಮೇಲೆ ಚೆಲ್ಲಿ, ಅವಳ ಕೈ ಹಿಡಿದುಕೊಂಡು ಮಲಗಿದ.