ಇಸಿಖೋಸಾ ಕಲಿಕೆ: ಕ್ಲಿಕ್ ಸುಲಭ, ಪದದ ಮುಂದಲೆ ಕಷ್ಟ

'ಇಸಿಖೋಸಾ' ಎಂದು ಕನ್ನಡದಲ್ಲಿ ಬರೆದಾಗಲೇ ಮೊದಲ ತಪ್ಪು ಆಗಿಹೋಗಿರುತ್ತದೆ. ಆ 'ಖೋ' ಜಾಗದಲ್ಲಿ ನಿಜವಾಗಿ ಇರುವುದು ಗಾಡಿಯವರು ಎತ್ತನ್ನು ಹುರಿದುಂಬಿಸಲು ಕೆನ್ನೆಯ ಪಕ್ಕದಿಂದ ಹೊರಡಿಸುವ ಸದ್ದು. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್, ವೆಸ್ಟರ್ನ್ ಕೇಪ್ ಪ್ರಾಂತ್ಯಗಳಲ್ಲಿ ಹೆಚ್ಚಾಗಿ ಆಡುವ ಈ ನುಡಿಯಲ್ಲಿ ಇಂಥ ನಾಲಗೆ ಸದ್ದುಗಳು, ಅಂದರೆ ಮೂಲ ಕ್ಲಿಕ್‌ಗಳು, 3. ಬರೆಯುವುದು ರೋಮನ್ ಲಿಪಿಯಲ್ಲಿ. 'ಎಕ್ಸ್' ಗಾಡಿಯವರದ್ದು. 'ಸಿ' ಅಂದರೆ ಅಯ್ಯೋ ಪಾಪ ಎಂದು ಲೊಚಗುಟ್ಟುವ ಸದ್ದು. 'ಕ್ಯೂ' ಬಾಟಲಿಯ ಬಿರಡೆ ಕಿತ್ತಂಥ 'ಟಕ್'. ಮಂಡೇಲಾ ಬೆಳೆದ ಕುನು ಹಳ್ಳಿಯ ಹೆಸರಿನ ಮೊದಲ ಅಕ್ಷರ ಇದೇ.

ಮೂರೂ ಸದ್ದು ನಮಗೆ ಬರುತ್ತವೆ, ಮಾತಿನೊಳಗೆ ಕೂರಿಸಲು ಮಾತ್ರ ಬರುವುದಿಲ್ಲ. ಸಾಮಾನ್ಯ ತಪ್ಪೆಂದರೆ 'ಟಕ್' ಎಂದು ನಿಲ್ಲಿಸಿ, ಆಮೇಲೆ 'ಆ' ಎನ್ನುವುದು. ನನಗೆ ದಾರಿ ತೋರಿಸಿದ್ದು ನಮ್ಮ ಕವರ್ಗ. ಕ್ಲಿಕ್ ಮಾಡುವಾಗ ನಾಲಗೆಯ ಹಿಂಭಾಗ 'ಕ' ಜಾಗದಲ್ಲೇ ಅಂಟಿರುತ್ತದೆ. 'ಕಾ' ಎನ್ನುತ್ತಲೇ ಮುಂದೆ ಲೊಚಗುಟ್ಟಿದರೆ 'ಸಿ', 'ಖಾ' ಎನ್ನುತ್ತಾ ಮಾಡಿದರೆ 'ಸಿಎಚ್', 'ಘಾ' ಜತೆ 'ಜಿಸಿ', 'ಙಾ' ಜತೆ 'ಎನ್‌ಸಿ'. ಉಳಿದೆರಡು ಕ್ಲಿಕ್‌ಗೂ ಇದೇ ಸಾಲು. ಒಟ್ಟು 18 ಕ್ಲಿಕ್ ವ್ಯಂಜನಗಳಲ್ಲಿ 12 ಹೀಗೆ ಕೈಗೆ ಬಂದವು. ದಿನಕ್ಕೆ ಹತ್ತು ನಿಮಿಷ, ಐದು ಸ್ವರಗಳ ಜತೆ, ಕಾಗುಣಿತದ ಬಳ್ಳಿ ಓದಿದಂತೆ.

'ಪಿಎಚ್' ಕಂಡಾಗ ಕಾಫಿಯ 'ಫ' ಹೇಳಬಾರದು. 'ಪ'ದ ಮಹಾಪ್ರಾಣ ಬೇಕು. 'ಎಚ್‌ಎಲ್'ಗೆ ನಾಲಗೆಯನ್ನು 'ಲ' ಜಾಗದಲ್ಲಿಟ್ಟು, ದನಿ ಇಲ್ಲದೆ ಎರಡೂ ಬದಿಯಿಂದ ಉಸಿರು ಊದಬೇಕು.

ಮಾತು ಶುರುಮಾಡಲು ಒಬ್ಬರಿದ್ದರೆ 'ಮೊಲೊ', ಹಲವರಿದ್ದರೆ 'ಮೊಲ್ವೆನಿ'. ಹಿರಿಯರಿಗೆ 'ತಾತಾ', 'ಮಾಮಾ', ಓರಗೆಯವರಿಗೆ 'ಭೂತಿ', 'ಸೀಸಿ' ಸೇರಿಸದಿದ್ದರೆ ಬೋಳುಬೋಳು. ಇಲ್ಲಿನ 'ತಾತಾ' ಅಜ್ಜನಲ್ಲ, ಅಪ್ಪ. 'ಮಾಮಾ' ಅಮ್ಮ!

ನಿಜವಾದ ತಲೆನೋವು ನಾಮಪದದ ಮುಂದಲೆ, ಅಂದರೆ ಪದದ ಮುಂದೆ ಅಂಟುವ ತುಣುಕು. ನಮಗೆ ಬದಲಾವಣೆಯೆಲ್ಲ ಪದದ ಬಾಲದಲ್ಲಿ. ಅಲ್ಲಿ ತಲೆಯಲ್ಲೇ ಬಹಳಷ್ಟು. ಮಗು 'ಉಮ್‌ನ್ತ್ವಾನಾ', ಮಕ್ಕಳು 'ಅಬಾನ್ತ್ವಾನಾ'. ನಾಯಿ 'ಇಂಜಾ', ನಾಯಿಗಳು 'ಇಜ಼ಿಂಜಾ'. ಆ ಮುಂದಲೆಯ ನೆರಳು ವಾಕ್ಯದ ಉಳಿದ ಪದಗಳ ಮೇಲೂ ಬೀಳುತ್ತದೆ: 'ನನ್ನ' ಎನ್ನುವುದು ಮಗುವಿಗೆ 'ವಾಮ್', ಮಕ್ಕಳಿಗೆ 'ಬಾಮ್', ನಾಯಿಗೆ 'ಯಾಮ್', ನಾಯಿಗಳಿಗೆ 'ಜ಼ಾಮ್', ಕುರ್ಚಿಗೆ (ಇಸಿಟೂಲೊ) 'ಸಾಮ್'. ಮುಂದಲೆಗೆ ತಕ್ಕಂತೆ ವಿಂಗಡಿಸಿದ ನಾಮಪದ ವರ್ಗಗಳ ಪಟ್ಟಿ ಉರುಹೊಡೆದವರಿಗೆ ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಹೊರಟುಹೋಗಿರುತ್ತಾರೆ. ಹಾಗಾಗಿ ಯಾವ ನಾಮಪದವನ್ನೂ ಒಂಟಿಯಾಗಿ ಬರೆದುಕೊಳ್ಳಲಿಲ್ಲ. ಒಂದು ಚೀಟಿಯಲ್ಲಿ ಏಕವಚನ, ಬಹುವಚನ, ಎರಡಕ್ಕೂ 'ನನ್ನ'. ವಾರಕ್ಕೆ 15 ಚೀಟಿ. ಕೆಲವು ನಿಘಂಟುಗಳು ಮುಂದಲೆ ತೆಗೆದು ಧಾತುವಿನಡಿ ಪದ ಕೊಡುತ್ತವೆ. 'ಅ' ವಿಭಾಗದಲ್ಲಿ ಮಕ್ಕಳನ್ನು ಹುಡುಕಿದರೆ ಸಿಗುವುದಿಲ್ಲ.

ಕ್ರಿಯಾಪದ ಇದಕ್ಕಿಂತ ಎಷ್ಟೋ ವಾಸಿ. 'ನ್ದಿಯಾಥೇಥಾ' ಎಂದರೆ ಮಾತಾಡುತ್ತೇನೆ. 'ನ್ದಿ' ನಮ್ಮ '-ಏನೆ' ಮಾಡುವ ಕೆಲಸವನ್ನೇ ಮುಂದೆ ಕೂತು ಮಾಡುತ್ತದೆ. ಆದ್ದರಿಂದ 'ನಾನು' ಬೇರೆ ಹೇಳಬೇಕಿಲ್ಲ. ಕ್ರಿಯಾಪದದ ನಂತರ ಕರ್ಮ ಬಂದರೆ 'ಯಾ' ಬಿದ್ದುಹೋಗಿ 'ನ್ದಿಥೇಥಾ ಇಸಿಖೋಸಾ'. ಇಲ್ಲ ಎನ್ನಲು ಮುಂದೆ 'ಅ', ಕೊನೆಗೆ 'ಇ': 'ಅನ್ದಿಥೇಥಿ'. 'ನೀನು', 'ಅವನು' ಇಬ್ಬರಿಗೂ 'ಉ' ಒಂದೇ. ವ್ಯತ್ಯಾಸ ಸ್ವರದ ಏರಿಳಿತದಲ್ಲಿ, ಅದು ಬರಹದಲ್ಲಿ ಕಾಣುವುದಿಲ್ಲ. ಇದಕ್ಕೆ ಕಿವಿಯೇ ಗತಿ. ನಾನು ಉಮ್‌ಹ್ಲೋಬೊ ವೆನೇನೆ ಎಫ್‌ಎಮ್ ಎಂಬ ಇಸಿಖೋಸಾ ರೇಡಿಯೊದ ವಾರ್ತೆ ಹಚ್ಚುತ್ತಿದ್ದೆ. ಊರು, ವ್ಯಕ್ತಿಗಳ ಹೆಸರು ಗುರುತು ಸಿಗುವುದರಿಂದ ಸುತ್ತಲಿನ ಪದಗಳು ಬಿಡಿಸಿ ಕೇಳುತ್ತವೆ.

ಸಂಖ್ಯೆಗಳಿಗೆ ಮೊದಲ ತಿಂಗಳು ವ್ಯಯಿಸಬೇಡಿ. ಬೆಲೆ ಕೇಳಲು 'ಯಿಮಾಲೀನಿ?' ಸಾಕು; ಉತ್ತರ ಬಹುಪಾಲು ಇಂಗ್ಲಿಷ್ ಅಂಕಿಯಲ್ಲೇ ಬರುತ್ತದೆ.