ಪಾಯ ತೋಡುವ ಮೊದಲೇ ಅಡುಗೆ ಕಟ್ಟೆ ಮುಟ್ಟಿಸಿದ ನನ್ನ ಅನುಭವ

ತುಮಕೂರಿನಲ್ಲಿ ಮನೆ ಪ್ಲಾನ್ ಮಾಡಿಕೊಡುವ ಕೆಲಸಕ್ಕೆ ನಾನು ಇಳಿದು ಹದಿನಾಲ್ಕು ವರ್ಷಗಳಾದವು. ಕಣ್ಣಿಗೆ ಹಾಕಿಕೊಂಡರೆ ಇನ್ನೂ ಕಟ್ಟದ ಮನೆಯೊಳಗೇ ನಿಂತಂತೆ ತೋರಿಸುವ, ಕಂಪ್ಯೂಟರಿಗೆ ಜೋಡಿಸುವ ವಿಆರ್ ಹೆಡ್‌ಸೆಟ್ ತಂದು ಗಿರಾಕಿಗಳಿಗೆ ಮನೆಯ ಒಳಗನ್ನೇ ತೋರಿಸುತ್ತೇನೆಂದು ಹೇಳಿದಾಗ, ಇದೇ ಊರಿನ ನನ್ನ ಜೊತೆಯ ಕಸುಬುದಾರರು "ಮೂವತ್ತು ನಲವತ್ತರ ಸೈಟಿಗೆ ಇಷ್ಟು ದುಬಾರಿ ಸಾಮಾನು ಏಕೆ, ಕಲರ್ ಪ್ರಿಂಟ್ ಕೊಟ್ಟರೆ ಸಾಲದೇ" ಎಂದಿದ್ದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಗುವಂತೆ ಕಾಣುತ್ತಿತ್ತು. ಆದರೆ ಈಗ ಸುಮಾರು ಎಪ್ಪತ್ತು ಮನೆಗಳನ್ನು ಹೀಗೆ ತೋರಿಸಿದ್ದೇನೆ. ಈಚಿನ ಮೂವತ್ತು ಚಿಲ್ಲರೆ ಮನೆಗಳಲ್ಲಿ ಕಟ್ಟಿದ ಮೇಲೆ ಅಡುಗೆಮನೆ ಒಡೆಸಿದ ಒಂದು ಪ್ರಸಂಗವೂ ಇಲ್ಲ. ಕಂಪ್ಯೂಟರಿನಲ್ಲಿ ಮನೆಯ ಮಾದರಿ ಕಟ್ಟುವ ಸ್ಕೆಚ್‌ಅಪ್, ಅದನ್ನು ನಿಜದಂತೆ ಕಾಣಿಸುವ ಎನ್‌ಸ್ಕೇಪ್, ಹೆಡ್‌ಸೆಟ್ಟಿಗೆ ಚಿತ್ರ ಕಳಿಸುವ ಸ್ಟೀಮ್‌ವಿಆರ್ ಬಳಸಿ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವುಗಳ ಪಾಠವನ್ನು ಇಲ್ಲಿ ಹೇಳುವುದಿಲ್ಲ.

ಮೊದಲು ಸ್ನೇಹಿತರೊಬ್ಬರಿಂದ ಒಂದು ಹಳೆಯ ಹೆಡ್‌ಸೆಟ್ ಕೇಳಿ ತಂದಿದ್ದೆ. ಅದರಲ್ಲಿ ಒಂದೊಂದು ಕಣ್ಣಿಗೆ 1080×1200 ಪಿಕ್ಸೆಲ್. ನೋಡಿದವರೆಲ್ಲರೂ ಸೊಳ್ಳೆ ಪರದೆಯೊಳಗಿನಿಂದ ನೋಡಿದ ಹಾಗಿದೆ ಎಂದರು. ಟೈಲ್ಸಿನ ಸಂದುಗಳು ಕಾಣುತ್ತಿರಲಿಲ್ಲ, ಗ್ರಾನೈಟ್ ಯಾವುದು ಸಿಮೆಂಟ್ ಯಾವುದು ಎಂದು ಹೇಳಲಾಗುತ್ತಿರಲಿಲ್ಲ. ಲಕ್ಷಗಟ್ಟಲೆ ಹಣ ಹಾಕುವ ಮನುಷ್ಯ ಮಂಜುಮಂಜಾದ ಚಿತ್ರವನ್ನು ನಂಬಬೇಕೆಂದು ಕೇಳುವುದು ತಪ್ಪು. ಆಮೇಲೆ ಬೆಂಗಳೂರಿನಿಂದ ಎಚ್‌ಪಿ ರಿವರ್ಬ್ ಜಿ2 ಅನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದೆ. ನಲವತ್ತೆರಡು ಸಾವಿರ ಕೊಟ್ಟ ನೆನಪು. ಒಂದೊಂದು ಕಣ್ಣಿಗೆ 2160×2160, ಸೆಕೆಂಡಿಗೆ 90 ಚಿತ್ರ, ಕಿವಿಗೆ ತಾಗದೆ ಹೊರಗೇ ನಿಲ್ಲುವ ಸ್ಪೀಕರುಗಳು. ಹಾಕಿಕೊಂಡ ಮೊದಲ ದಿನವೇ ಮಾದರಿಯೊಳಗಿನ ಸ್ವಿಚ್ ಬೋರ್ಡಿನ ಅಕ್ಷರ ಓದಲು ಬಂತು. ಇದೇ ನನಗೆ ಬೇಕಾದ ಸಾಮಾನು ಎಂದು ಅಂದೇ ತೀರ್ಮಾನಿಸಿದೆ.

ಆದರೆ ಹೆಡ್‌ಸೆಟ್ ಕೊಳ್ಳುವುದು ಖರ್ಚಿನ ಅರ್ಧ ಮಾತ್ರ. ಎರಡು ಕಣ್ಣುಗಳದ್ದು ಸೇರಿ 93 ಲಕ್ಷ ಪಿಕ್ಸೆಲ್, ಅಂದರೆ 4ಕೆ ಮಾನಿಟರಿಗಿಂತಲೂ ಹೆಚ್ಚು. ಮಸೂರದ ಬಾಗುವಿಕೆಯನ್ನು ಸರಿದೂಗಿಸಲು ಸ್ಟೀಮ್‌ವಿಆರ್ ಚಿತ್ರದ ಅಳತೆ 100 ಪರ್ಸೆಂಟ್ ಇದ್ದಾಗ ಒಂದೊಂದು ಕಣ್ಣಿಗೆ ಮೂರು ಸಾವಿರಕ್ಕೂ ಮೀರಿದ ಅಗಲ ಎತ್ತರದ ಚಿತ್ರ ಬಿಡಿಸುವುದರಿಂದ ಆ ಲೆಕ್ಕ 2 ಕೋಟಿಯ ಹತ್ತಿರ ಹೋಗುತ್ತದೆ, ಅದೂ 11 ಮಿಲಿಸೆಕೆಂಡಿಗೆ ಒಂದು ಸಲ. ಈ ಚಿತ್ರ ಬಿಡಿಸಲು ನನ್ನ ಬಳಿ ಇದ್ದದ್ದು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ಈ ಭಾರ ತಾಳದೆ ಚಿತ್ರ ತಡವರಿಸುತ್ತಿತ್ತು. ಗುಬ್ಬಿ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಅದರಲ್ಲಿ ತಮ್ಮ ಮನೆ ನೋಡಲು ಕುಳಿತು, ನಾಲ್ಕನೇ ನಿಮಿಷಕ್ಕೆ ಹೆಡ್‌ಸೆಟ್ ಕಿತ್ತು ಕೊಟ್ಟು, ಹೊರಗಿನ ಮೆಟ್ಟಿಲ ಮೇಲೆ ತಲೆ ಹಿಡಿದು ಕುಳಿತುಬಿಟ್ಟರು. ಆ ಪ್ಲಾನ್ ಬೇರೆಯವರ ಪಾಲಾಯಿತು. ಸಾಲ ಮಾಡಿ ನಲವತ್ತಾರು ಸಾವಿರಕ್ಕೆ ಅದಕ್ಕಿಂತ ಬಲವಾದ ಹಳೆಯ 3080 ಕಾರ್ಡ್ ತಂದೆ. ಅದರಿಂದಲೂ ಅರ್ಧ ಸಮಸ್ಯೆ ಮಾತ್ರ ಬಗೆಹರಿಯಿತು. ಉಳಿದರ್ಧ ಬಗೆಹರಿದದ್ದು ಮಾದರಿಯನ್ನು ಹಗುರ ಮಾಡಿದಾಗ. ಹುಲ್ಲು, ಕುಂಡದ ಗಿಡ, ನೆರಿಗೆ ನೆರಿಗೆಯಾದ ಸೋಫಾ, ಇವೆಲ್ಲವನ್ನೂ ತೆಗೆದು, ಸ್ಟೀಮ್‌ವಿಆರ್ ಅನ್ನು 50ರಿಂದ 60 ಪರ್ಸೆಂಟಿಗೆ ಇಳಿಸಿದೆ. 50ಕ್ಕೆ ಇಟ್ಟರೂ ಚಿತ್ರ ಹೆಚ್ಚುಕಡಿಮೆ ಪರದೆಯ ಪಿಕ್ಸೆಲ್‌ನಷ್ಟೇ ಇರುತ್ತದೆಯಾದ್ದರಿಂದ ಗಿರಾಕಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಚಿತ್ರ ತಡವರಿಸಿದರೆ ಅವರ ಹೊಟ್ಟೆಗೆ ತಕ್ಷಣ ತಿಳಿಯುತ್ತದೆ. ಕಂಟ್ರೋಲರಿನ ಕಡ್ಡಿ ಒತ್ತಿ ಗಿರಾಕಿಯನ್ನು ಮಾದರಿಯೊಳಗೆ ಜಾರಿಸಿಕೊಂಡು ನಡೆಸುವುದನ್ನೂ ಅಂದೇ ಬಿಟ್ಟೆ. ಜಾಗದಿಂದ ಜಾಗಕ್ಕೆ ಒಂದೇ ಸಲ ಇಳಿಸುತ್ತೇನೆ, ಅದೂ ನಾನೇ.

ಅತಿ ದೊಡ್ಡ ನಷ್ಟ ನನ್ನ ಕೈಯಿಂದಲೇ ಆಯಿತು. ನನ್ನ ಆಫೀಸಿಗೆ ಪಶ್ಚಿಮಕ್ಕೆ ಕಿಟಕಿ. ಒಂದು ಸಂಜೆ ಮೇಸ್ತ್ರಿಯ ಫೋನ್ ಬಂದು, ಹೆಡ್‌ಸೆಟ್ಟನ್ನು ಮಸೂರ ಮೇಲೆ ಮಾಡಿ ಮೇಜಿನ ಮೇಲಿಟ್ಟು ಹೊರಗೆ ಹೋದೆ. ಹತ್ತು ನಿಮಿಷವೂ ಆಗಿರಲಿಲ್ಲ. ವಾಪಸು ಬಂದಾಗ ಬಿಸಿಲು ಮೇಜಿನ ಮೇಲಿತ್ತು. ಆನ್ ಮಾಡಿ ನೋಡಿದರೆ ಎಡಗಣ್ಣಿನ ಪರದೆಯಲ್ಲಿ, ಸರಿಯಾಗಿ ನೋಟದ ನಡುವೆ, ಅಕ್ಕಿಕಾಳಿನಷ್ಟು ಹಳದಿ ಕಲೆ, ಅದರ ಬಾಲದಂತೆ ಓರೆಯಾದ ಒಂದು ಗೆರೆ. ಭೂತಗನ್ನಡಿ ಹಿಡಿದು ಕಾಗದ ಸುಡುವ ಹಾಗೆ ಮಸೂರ ಪರದೆಯನ್ನು ಸುಟ್ಟಿತ್ತು. ಎರಡನೆಯದನ್ನು ಮೂವತ್ತೊಂದು ಸಾವಿರಕ್ಕೆ ತರುವ ತನಕ ಮೂರು ತಿಂಗಳು ಕೆಲಸ ನಿಂತಿತು. ಈಗ ಆ ಕಿಟಕಿಗೆ ದಪ್ಪ ಪರದೆ ಇದೆ, ಹೆಡ್‌ಸೆಟ್ ತಲೆಯಿಂದ ಇಳಿದ ಕೂಡಲೇ ಮಸೂರಕ್ಕೆ ಬಟ್ಟೆಯ ಮುಚ್ಚಳ ಬೀಳುತ್ತದೆ.

ಚಿಕ್ಕ ತೊಂದರೆಗಳು ಇನ್ನೂ ಹಲವು. ಕೈಯಲ್ಲಿ ಹಿಡಿಯುವ ಕಂಟ್ರೋಲರುಗಳಿಗೆ ಮಾಮೂಲಿ 1.2 ವೋಲ್ಟಿನ ರೀಚಾರ್ಜ್ ಸೆಲ್ ಹಾಕಿ, ಅವು ನಡುನಡುವೆ ಸತ್ತುಹೋದಾಗ ಕಂಟ್ರೋಲರೇ ಕೆಟ್ಟಿದೆಯೆಂದು ವಾರಗಟ್ಟಲೆ ಒದ್ದಾಡಿದೆ, 1.5 ವೋಲ್ಟಿನ ಲಿಥಿಯಂ ರೀಚಾರ್ಜ್ ಸೆಲ್ ಹಾಕಿದ ಮೇಲೆ ಆ ಕಾಟ ತಪ್ಪಿತು. ಹೆಡ್‌ಸೆಟ್ಟಿನ ನಾಲ್ಕು ಕ್ಯಾಮೆರಾಗಳು ಕೋಣೆಯ ಗುರುತುಗಳನ್ನು ನೋಡಿಯೇ ತಾವೆಲ್ಲಿದ್ದೇವೆಂದು ತಿಳಿಯುತ್ತವೆಯಾದ್ದರಿಂದ, ನಾನು ಚೆಂದಕ್ಕೆಂದು ಬಳಿಸಿದ್ದ ಬರೀ ಬಿಳಿಯ ಗೋಡೆಗಳ ನಡುವೆ ಗಿರಾಕಿಗೆ ಮನೆಯೇ ತೇಲಿದಂತಾಗುತ್ತಿತ್ತು. ದೊಡ್ಡ ಹೂಗಳ ಹಳೆಯ ಜಮಖಾನವೊಂದನ್ನು ಗೋಡೆಗೆ ಹೊಡೆದ ದಿನದಿಂದ ಮನೆ ಅಲುಗಿಲ್ಲ. ಕುಂಕುಮ, ವಿಭೂತಿ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಮುಖದ ಮೆತ್ತೆಗೆ ಹತ್ತುವುದು ನಮ್ಮ ಕಡೆ ಸಹಜ. ಅದಕ್ಕೆ ಒಬ್ಬೊಬ್ಬರಿಗೂ ಹೊಸದಾಗಿ ಒಗೆದ ಹತ್ತಿಬಟ್ಟೆಯ ಹೊದಿಕೆ ಹಾಕುತ್ತೇನೆ. ಟೈಲರ್ ಹತ್ತಿರ ಇಪ್ಪತ್ತು ಹೊಲಿಸಿದ್ದೇನೆ. ಮುಡಿದ ಹೂವನ್ನು ತೆಗೆಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ತುರುಬಿನ ಕೆಳಗೆ ಪಟ್ಟಿ ಕೂರಿಸುವುದನ್ನು ನನ್ನ ಹೆಂಡತಿ ಕಲಿತಿದ್ದಾಳೆ. ಕಣ್ಣುಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದು ಮಸೂರಗಳನ್ನು ಸರಿಸುತ್ತೇನೆ. ಈ ಹೆಡ್‌ಸೆಟ್ಟಿನಲ್ಲಿ ನೋಟ ಪೂರ್ತಿ ಸ್ಪಷ್ಟವಾಗುವ ಜಾಗ ನಡುವೆ ಸ್ವಲ್ಪವೇ ಇರುವುದರಿಂದ, ಪ್ರತಿಯೊಂದು ಮಾದರಿಯಲ್ಲೂ ಹಾಲಿನ ಗೋಡೆಗೆ ಒಂದು ಕನ್ನಡ ಕ್ಯಾಲೆಂಡರ್ ತೂಗುಹಾಕಿ, ಇವತ್ತಿನ ತಿಥಿ ಓದಿ ಎಂದು ಕೇಳುತ್ತೇನೆ. ತಿಥಿ ಓದುವ ತನಕ ಪಟ್ಟಿಯನ್ನು ಮೇಲೆ ಕೆಳಗೆ ಮಾಡುತ್ತೇನೆ, ಆಮೇಲೆಯೇ ಮನೆ.

ಇಷ್ಟೆಲ್ಲ ಆದರೂ ಜನ ನೋಡಿ, ಚೆನ್ನಾಗಿದೆ ಎಂದು ಹೇಳಿ ಹೋಗುತ್ತಿದ್ದರೇ ಹೊರತು ಪ್ಲಾನಿನಲ್ಲಿ ಏನನ್ನೂ ತಿದ್ದಿಸುತ್ತಿರಲಿಲ್ಲ. ಕಣ್ಣಿಗೆ ಕಂಡದ್ದು ಮೈಗೆ ತಿಳಿದಿರಲಿಲ್ಲ. ಕುಣಿಗಲ್ ಕಡೆಯ ಒಬ್ಬರ ಮನೆ ನಾನು ತೋರಿಸಿದಂತೆಯೇ ಎದ್ದು ನಿಂತಿತು, ಆದರೆ ಗೃಹಪ್ರವೇಶವಾದ ತಿಂಗಳಲ್ಲಿ ಅಡುಗೆ ಕಟ್ಟೆಯನ್ನು ಒಡೆಸಿ ತಗ್ಗಿಸಿದರು. ಗ್ರಾನೈಟ್, ಸಿಂಕ್, ಕೂಲಿ ಎಲ್ಲ ಸೇರಿ ಇಪ್ಪತ್ತೆಂಟು ಸಾವಿರವಾಯಿತಂತೆ. ಆ ವಿಷಯ ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನವೇ ಬಡಗಿಯನ್ನು ಕರೆದು, ನಾಲ್ಕು ಕಾಲಿನ ಒಂದು ಗಟ್ಟಿ ಚೌಕಟ್ಟು ಮಾಡಿಸಿ, ಅದರ ಮೇಲೆ ನಿಜವಾದ ಗ್ರಾನೈಟ್ ಹಲಗೆ ಕೂರಿಸಿದೆ. ಕಾಲುಗಳಲ್ಲಿ ಅರ್ಧ ಅರ್ಧ ಇಂಚಿಗೆ ತೂತು, 27 ಇಂಚಿನಿಂದ 36 ಇಂಚಿನ ತನಕ ಏರಿಸಬಹುದು, ಇಳಿಸಬಹುದು. ಹೆಡ್‌ಸೆಟ್ಟಿನಲ್ಲಿ ಕಾಣುವ ಕಟ್ಟೆ ಮತ್ತು ಕೋಣೆಯಲ್ಲಿರುವ ಈ ಕಲ್ಲು ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ಕೂಡಬೇಕು. ಅವೆರಡನ್ನು ಅರ್ಧ ಇಂಚಿನೊಳಗೆ ಕೂಡಿಸುವ ಬಗೆಯನ್ನು ಕಂಡುಕೊಳ್ಳಲು ನನಗೆ ಏಳೆಂಟು ತಿಂಗಳು ಬೇಕಾಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನದ ದಾರಿ.

ಮೊದಲ ಸಲ ಇದನ್ನು ನೋಡಿದವರು ಅರವತ್ತು ದಾಟಿದ ಒಬ್ಬ ತಾಯಿ. ಮಗ ಒತ್ತಾಯಿಸಿ ಕರೆತಂದಿದ್ದರು. ಅವರು ಕಂಟ್ರೋಲರನ್ನು ಮುಟ್ಟಲೇ ಇಲ್ಲ. ಬರಿಗೈ ಚಾಚಿದರು, ಕಣ್ಣಿಗೆ ಕಂಡ ಕಲ್ಲು ಅಂಗೈಗೆ ತಣ್ಣಗೆ ತಾಗಿತು. ಸ್ವಲ್ಪ ಹೊತ್ತು ಏನೂ ಮಾತಾಡದೆ ಅಂಚನ್ನು ಸವರುತ್ತ ನಿಂತವರು, ಎರಡೂ ಕೈಯಲ್ಲಿ ಮುದ್ದೆಕೋಲು ಹಿಡಿದ ಹಾಗೆ ಮಾಡಿ ಗಾಳಿಯಲ್ಲೇ ತಿರುವಿ ನೋಡಿ, "ಇಷ್ಟೆತ್ರ ಬ್ಯಾಡ ಕಣಪ್ಪ, ಮುದ್ದೆ ತಿರುವೋಕೆ ತೋಳು ಎತ್ತಬೇಕಾಗ್ತದೆ" ಎಂದರು. ನಾನು 33 ಇಂಚು ಇಟ್ಟಿದ್ದೆ. ಒಂದೊಂದೇ ತೂತು ಇಳಿಸುತ್ತ, ಮಾದರಿಯನ್ನೂ ಹಾಗೆಯೇ ತಿದ್ದುತ್ತ ಬಂದಾಗ 29ಕ್ಕೆ ಬಂದು "ಇದು ಸರಿ" ಎಂದರು. ಸೊಸೆಗೆ 29 ಬಹಳ ತಗ್ಗು. ಕೊನೆಗೆ ಒಲೆ ಇರುವ ಮೂರೂವರೆ ಅಡಿ ಭಾಗವನ್ನು ಮಾತ್ರ ತಗ್ಗಿಸಿ, ಸಿಂಕಿನ ಕಡೆ 33 ಉಳಿಸಿದೆವು. ಕಾಗದದ ಮೇಲೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಒಬ್ಬ ಗಿರಾಕಿಯನ್ನೂ ನಾನು ಮುದ್ದೆ ಎಲ್ಲಿ ತಿರುವುತ್ತೀರಿ ಎಂದು ಕೇಳಿರಲಿಲ್ಲ.

ಇದರ ಜೊತೆಗೆ ಬಿಸಿಲಿನ ಪ್ರಯೋಗವೊಂದನ್ನೂ ಮಾಡಿದೆ. ಮಾದರಿಯಲ್ಲಿ ತುಮಕೂರಿನ ಅಕ್ಷಾಂಶ 13.34 ಕೊಟ್ಟು, ತಿಂಗಳು ಬದಲಿಸುತ್ತ ಹೋದರೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೆಂದು ಒಳಗೇ ನಿಂತು ನೋಡಬಹುದು. ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲ, ಮೇಲೆ ನೆರಳಿನ ಸಜ್ಜಾ ಬೇಡ ಎಂದು ವಾದಿಸುವವರು ಬಹಳ. ನಮ್ಮ ಊರಿನಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನಡುನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನ ಉತ್ತರಕ್ಕೇ ಇರುತ್ತಾನೆ. ಜೂನ್ ತಿಂಗಳಿಗೆ ಇಟ್ಟು ತೋರಿಸಿದರೆ ವಾದವೇ ಉಳಿಯುವುದಿಲ್ಲ. ಇನ್ನೊಂದು ಸಣ್ಣ ಉಪಾಯವನ್ನು ಎಲ್ಲರೂ ಮಾಡಲಿ ಎಂದು ಹೇಳುತ್ತೇನೆ: ಹೆಬ್ಬಾಗಿಲು ಇರುವ ದಿಕ್ಕಿಗೆ ಒಂದು ಟೇಬಲ್ ಫ್ಯಾನ್ ಇಡಿ. ಮುಖಕ್ಕೆ ಗಾಳಿ ಬೀಸುವ ಕಡೆಯೇ ಬಾಗಿಲು ಎಂದು ಮೈಗೆ ಗೊತ್ತಾಗುತ್ತದೆ, ತಲೆಸುತ್ತೂ ಕಡಿಮೆಯಾಗುತ್ತದೆ.

ಖರ್ಚಿನ ಲೆಕ್ಕ ಹೇಳುವುದಾದರೆ, ಸುಟ್ಟ ಹೆಡ್‌ಸೆಟ್ ಸೇರಿ ಎರಡು ಲಕ್ಷ ಹತ್ತು ಸಾವಿರದ ಆಸುಪಾಸು. ಇದರಲ್ಲಿ ದೊಡ್ಡ ಯುಪಿಎಸ್ ಕೂಡ ಇದೆ. ಗಿರಾಕಿ ಒಳಗಿರುವಾಗ ಕರೆಂಟ್ ಹೋಗಿ ಕಣ್ಣೆದುರು ಒಮ್ಮೆಗೇ ಕತ್ತಲಾದರೆ ಅವರು ಇನ್ನೊಮ್ಮೆ ಹಾಕಿಕೊಳ್ಳುವುದಿಲ್ಲ. ಮೊದಲು ಬಿಟ್ಟಿ ತೋರಿಸುತ್ತಿದ್ದೆ, ಆಮೇಲೆ ಮೂರು ಸಾವಿರ, ಈಗ ಐದು ಸಾವಿರ. ಪ್ಲಾನ್ ನನ್ನಲ್ಲೇ ಮಾಡಿಸಿದರೆ ಅದನ್ನು ವಜಾ ಮಾಡುತ್ತೇನೆ. ಹಾಕಿದ ಹಣ ಕಳೆದ ವರ್ಷ ವಾಪಸು ಬಂತು. ಜಿ2 ಕೊಳ್ಳಬೇಕೆನ್ನುವವರಿಗೆ ಒಂದು ಮಾತು: ಅದು ನಡೆಯುವ, ಮೈಕ್ರೋಸಾಫ್ಟಿನ ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ ತಂತ್ರಾಂಶವನ್ನು ಕೈಬಿಡುವುದಾಗಿ 2023ರ ಡಿಸೆಂಬರಿನಲ್ಲೇ ಘೋಷಿಸಲಾಗಿತ್ತು, ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದು ಇಲ್ಲ. ನಾನು ಮೊದಲೇ ತಿಳಿದು, ಆ ಕಂಪ್ಯೂಟರನ್ನು ಅದರ ಹಿಂದಿನ 23ಎಚ್2 ಆವೃತ್ತಿಯಲ್ಲೇ ನಿಲ್ಲಿಸಿ, ಈ ಕೆಲಸಕ್ಕೆ ಮಾತ್ರ ಮೀಸಲಿಟ್ಟಿದ್ದೇನೆ. ಹೊಸದಾಗಿ ಶುರುಮಾಡುವವರು ಒಂದು ಕಣ್ಣಿಗೆ 2880×2880 ಇರುವ ಪೈಮ್ಯಾಕ್ಸ್ ಕ್ರಿಸ್ಟಲ್ ತರಹದ್ದನ್ನು ನೋಡಬಹುದು, ಆದರೆ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಹಾಕಬಲ್ಲಿರೆಂದು ಮೊದಲು ನೋಡಿಕೊಳ್ಳಿ.

ಈಗ ಮೆಟ್ಟಿಲಿನ ಕೆಲಸ ಹಿಡಿದಿದ್ದೇನೆ. 6 ಇಂಚಿನ ಎರಡು, 7 ಇಂಚಿನ ಎರಡು ಮರದ ಮೆಟ್ಟಿಲು, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ, ಬಡಗಿ ಮಾಡಿ ಕೊಟ್ಟಿದ್ದಾರೆ. ಹೆಡ್‌ಸೆಟ್ ಹಾಕಿ ನಾನೇ ದಿನವೂ ಹತ್ತಿ ಇಳಿಯುತ್ತಿದ್ದೇನೆ, ಕಾಲಿಗೆ ಸಿಗುವುದೂ ಕಣ್ಣಿಗೆ ಕಾಣುವುದೂ ಇನ್ನೂ ಮುಕ್ಕಾಲು ಇಂಚು ತಪ್ಪುತ್ತಿದೆ. ಅದು ಕಾಲು ಇಂಚಿಗೆ ಇಳಿಯುವ ತನಕ ವಯಸ್ಸಾದವರನ್ನು ಅದರ ಮೇಲೆ ಹತ್ತಿಸುವುದಿಲ್ಲ.